ಬಾಟಲಿ ಒಡೆದವರು, ಬೆಣೆ ಬಡಿದವರು: ಕಳೆದ ಶತಮಾನದ ನಡುಗಾಲದ ಹಡಗು ಜಲಾವತರಣಗಳು

1938ರ ಸೆಪ್ಟೆಂಬರ್ 27. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಜಾನ್ ಬ್ರೌನ್ ಹಡಗುಕಟ್ಟೆಯಲ್ಲಿ ಅಲ್ಲಿಯವರೆಗೆ ಜಗತ್ತು ಕಂಡ ಅತಿ ದೊಡ್ಡ ಪ್ರಯಾಣಿಕರ ಹಡಗು ನೀರಿಗಿಳಿಯಲು ಸಿದ್ಧವಾಗಿ ನಿಂತಿತ್ತು. ಮ್ಯೂನಿಕ್ ಬಿಕ್ಕಟ್ಟಿನ ದಿನಗಳವು. ದೊರೆ ಆರನೇ ಜಾರ್ಜ್ ಲಂಡನ್ ಬಿಟ್ಟು ಬರುವಂತಿರಲಿಲ್ಲ, ರಾಣಿ ಎಲಿಜಬೆತ್ ಬಂದಿದ್ದರು. ಸಮಾರಂಭ ಮುಗಿಯುವ ಮೊದಲೇ ಹಡಗು ಕದಲಿಬಿಟ್ಟಿತು. ರಾಣಿ ತಡಮಾಡದೆ ಬಾಟಲಿ ಒಡೆದದ್ದರಿಂದ ಶಾಸ್ತ್ರ ತಪ್ಪಲಿಲ್ಲ. ‘ಕ್ವೀನ್ ಎಲಿಜಬೆತ್’ ಹಡಗನ್ನು ನೀರಿಗಿಳಿಸಿದವರು ಯಾರು ಎಂದರೆ ಇಂದಿಗೂ ಎಲ್ಲ ಪುಸ್ತಕಗಳೂ ಹೇಳುವುದು ರಾಣಿಯ ಹೆಸರನ್ನೇ. ಹಡಗು ಮಾತ್ರ ಆ ದಿನ ರಾಣಿಗಾಗಿ ಕಾಯಲಿಲ್ಲ. ಕೊಬ್ಬು ಬಳಿದ ಮರದ ಹಾಸು, ಇಳಿಜಾರಿನ ಕೋನ, ತನ್ನದೇ ಭಾರ, ಇವುಗಳ ಮಾತನ್ನು ಕೇಳಿ ಅದು ಹೊರಟಿತ್ತು.

1934ರಲ್ಲಿ ‘ಕ್ವೀನ್ ಮೇರಿ’ ನೀರಿಗಿಳಿದಂದಿನಿಂದ 1967ರಲ್ಲಿ ‘ಕ್ವೀನ್ ಎಲಿಜಬೆತ್ 2’ ಇಳಿಯುವವರೆಗಿನ ಮೂರು ದಶಕಗಳಲ್ಲಿ ಹಡಗಿನ ಜಲಾವತರಣಕ್ಕೆ ಸಿಕ್ಕಷ್ಟು ಪ್ರಚಾರ ಬೇರೆ ಯಾವ ಕೈಗಾರಿಕಾ ಘಟನೆಗೂ ಸಿಕ್ಕಿರಲಾರದು. ಸರ್ವಾಧಿಕಾರಿಗಳು, ಪ್ರಜಾಪ್ರತಿನಿಧಿಗಳು, ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶಗಳ ನಾಯಕರು, ಎಲ್ಲರೂ ಆ ವೇದಿಕೆ ಏರಿದರು. ಈ ಸಮಾರಂಭಗಳು ನಿಜಕ್ಕೂ ಏನನ್ನು ಸಾಬೀತು ಮಾಡಿದವು? ಅವುಗಳ ಶ್ರೇಯ ಯಾರಿಗೆ ಸಲ್ಲಬೇಕು? ಯುದ್ಧನೌಕೆಗಳನ್ನೂ ವಾಣಿಜ್ಯ ಹಡಗುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಗಳಿಗೆ ಸಾಕಷ್ಟು ಸ್ಪಷ್ಟ ಉತ್ತರ ಸಿಗುತ್ತದೆ.

ಇಳಿಜಾರಿನ ಲೆಕ್ಕ

ಮೊದಲು ಕೆಲಸದ ಕ್ರಮ ತಿಳಿಯಬೇಕು. ಸ್ಲಿಪ್‌ವೇ ಎಂಬ ಇಳಿಜಾರು ಕಟ್ಟೆಯ ಮೇಲೆ, ಹಿಂಭಾಗ ನೀರಿನ ಕಡೆಗಿರುವಂತೆ ಹಡಗಿನ ಒಡಲನ್ನು ಕಟ್ಟುತ್ತಾರೆ. ಕಟ್ಟುವಷ್ಟು ಕಾಲವೂ ಅದರ ಭಾರ ತಳದ ನಡುಸಾಲಿನ ದಿಮ್ಮಿಗಳ ಮೇಲೆ ಮತ್ತು ಪಕ್ಕದಲ್ಲಿ ಆನಿಸಿ ನಿಲ್ಲಿಸಿದ ಮರದ ಕಂಬಗಳ ಮೇಲೆ ಇರುತ್ತದೆ. ಇಳಿಸುವ ಕಾಲ ಬಂದಾಗ ಆ ಪೂರ್ತಿ ಭಾರವನ್ನು ಬೇರೆ ಆಧಾರಕ್ಕೆ ದಾಟಿಸಬೇಕು. ಅದಕ್ಕಾಗಿ ಒಡಲಿನ ಎರಡೂ ಬದಿಗೆ ನೀರಿನವರೆಗೆ ಚಾಚಿದ ಸ್ಥಿರ ಹಾಸುಗಳನ್ನು ಹಾಕುತ್ತಾರೆ. ಅವುಗಳ ಮೇಲೆ ಜಾರುವ ಹಾಸುಗಳು, ಎರಡರ ನಡುವೆ ಪ್ರಾಣಿಕೊಬ್ಬು ಮತ್ತು ಮೆದು ಸಾಬೂನಿನ ಪದರ. ಜಾರುವ ಹಾಸಿನ ಮೇಲೆ ತೊಟ್ಟಿಲಿನಂಥ ಒಂದು ಚೌಕಟ್ಟು ಹಡಗಿನ ಒಡಲನ್ನು ತಬ್ಬಿ ಹಿಡಿದಿರುತ್ತದೆ.

ಆಮೇಲಿನದು ಬೆಣೆಯ ಕೆಲಸ. ಜಾರುವ ಹಾಸಿಗೂ ಚೌಕಟ್ಟಿಗೂ ನಡುವೆ ಸಾಲುಸಾಲಾಗಿ ಇಟ್ಟ ಮರದ ಬೆಣೆಗಳನ್ನು ನೂರಾರು ಜನ ಒಂದೇ ಸಂಜ್ಞೆಗೆ ಬಡಿಯುತ್ತಾರೆ. ಸಾವಿರಾರು ಟನ್ ತೂಕದ ಒಡಲು ಕಣ್ಣಿಗೆ ಕಾಣದಷ್ಟು ಮೇಲೆದ್ದು ಹೊಸ ಆಧಾರದ ಮೇಲೆ ಕೂರುತ್ತದೆ. ಆಗ ಹಡಗಿನ ಅಡಿಗೆ ನುಗ್ಗಿ ನಡುಸಾಲಿನ ದಿಮ್ಮಿಗಳನ್ನೂ ಪಕ್ಕದ ಕಂಬಗಳನ್ನೂ ಒಂದೊಂದಾಗಿ ಬಿಡಿಸಬೇಕು. ಇದು ಪ್ರಾಣವನ್ನು ಪಣಕ್ಕಿಟ್ಟು ಮಾಡುವ ಕೆಲಸ. ಮೇಲೆ ಬ್ಯಾಂಡ್ ನುಡಿಯುತ್ತಿರುವಾಗ ಕೆಳಗೆ ಕತ್ತಲಲ್ಲಿ ಕೊನೆಯ ದಿಮ್ಮಿಗಳನ್ನು ಕೆಡವುತ್ತಿದ್ದವರ ಹೆಸರು ಯಾವ ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಕಡೆಗೆ ಉಳಿಯುವುದು ಹಡಗನ್ನು ತಡೆದು ಹಿಡಿದ ಕೀಲುಗಳು ಮಾತ್ರ. ಗಣ್ಯರು ಒತ್ತುವ ಗುಂಡಿಯಿಂದ ಅಥವಾ ಕತ್ತರಿಸುವ ಪಟ್ಟಿಯಿಂದ ಕಳಚುವುದು ಅವು.

ಇಳಿಯುವ ಒಂದೆರಡು ನಿಮಿಷಗಳಿಗೂ ತಿಂಗಳುಗಟ್ಟಲೆ ಲೆಕ್ಕ ಬೇಕು. ಹಿಂಭಾಗ ಮೊದಲು ನೀರಿಗಿಳಿಯುತ್ತದೆ. ಆಳ ಸಾಲದಿದ್ದರೆ ಹಿಂಭಾಗ ಹಾಸಿನ ತುದಿಯಾಚೆ ವಾಲಿ, ಮುಂಭಾಗ ಮೇಲಕ್ಕೆ ಎದ್ದುಬಿಡುತ್ತದೆ. ಆಳ ಸಾಕಷ್ಟಿದ್ದರೆ ನೀರು ಹಿಂಭಾಗವನ್ನು ಎತ್ತುತ್ತದೆ. ಆ ಕ್ಷಣ ಇನ್ನೂ ನೆಲದ ಮೇಲಿರುವ ಭಾರವೆಲ್ಲ ಮುಂಭಾಗದ ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಆ ಒತ್ತಡವನ್ನು ಮೊದಲೇ ಎಣಿಸಿ ಅಲ್ಲಿನ ಆಧಾರವನ್ನು ಬಲಪಡಿಸಿರಬೇಕು. ಭರತದ ಗಳಿಗೆ ನೋಡಬೇಕು, ಆ ದಿನದ ಬಿಸಿಲು ಚಳಿಗೆ ತಕ್ಕ ಕೊಬ್ಬಿನ ಮಿಶ್ರಣ ಹದಮಾಡಬೇಕು, ತೇಲಿದ ಮೇಲೆ ಒಡಲು ನೆಟ್ಟಗೆ ನಿಲ್ಲುವುದನ್ನು ಖಾತ್ರಿಮಾಡಿಕೊಳ್ಳಬೇಕು. ಇಟಲಿಯ ರೀವಾ ತ್ರಿಗೋಸೊದಲ್ಲಿ 1907ರಲ್ಲಿ ‘ಪ್ರಿಂಚಿಪೆಸ್ಸಾ ಯೊಲಾಂಡಾ’ ಬಹುಪಾಲು ಸಜ್ಜಾಗಿಯೇ ನೀರಿಗಿಳಿದು, ಅಲ್ಲೇ ಮಗುಚಿ ಮುಳುಗಿತ್ತು. ಲಂಡನ್ನಿನ ಬ್ಲ್ಯಾಕ್‌ವಾಲ್‌ನಲ್ಲಿ 1898ರಲ್ಲಿ ‘ಆಲ್ಬಿಯನ್’ ಯುದ್ಧನೌಕೆ ಎಬ್ಬಿಸಿದ ಅಲೆ, ನೋಡಲು ಬಂದವರಲ್ಲಿ 30ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಮುಂದಿನ ತಲೆಮಾರಿನ ಎಂಜಿನಿಯರುಗಳು ಇಂಥ ದುರಂತಗಳನ್ನು ಮರೆಯದೆ ಲೆಕ್ಕ ಹಾಕಿದರು.

ಇಕ್ಕಟ್ಟಿನ ನದಿ, ಉದ್ದನೆಯ ಹಡಗು

ಕ್ಲೈಡ್‌ಬ್ಯಾಂಕಿನ ಅದೇ ಜಾನ್ ಬ್ರೌನ್ ಹಡಗುಕಟ್ಟೆಯಲ್ಲಿ ಕಟ್ಟಿದ, ಸಾವಿರ ಅಡಿಗೂ ಉದ್ದನೆಯ ‘ಕ್ವೀನ್ ಮೇರಿ’ ಈ ಲೆಕ್ಕದ ದೊಡ್ಡ ಪರೀಕ್ಷೆ. ಆರ್ಥಿಕ ಮುಗ್ಗಟ್ಟಿನಿಂದ 1931ರ ಡಿಸೆಂಬರ್‌ನಲ್ಲಿ ನಿಂತ ಕೆಲಸ ಮತ್ತೆ ಶುರುವಾದದ್ದು 1934ರ ಏಪ್ರಿಲ್‌ನಲ್ಲಿ. ‘534’ ಎಂಬ ಸಂಖ್ಯೆಯಿಂದಲೇ ಕರೆಸಿಕೊಳ್ಳುತ್ತ ಅರೆಬರೆಯಾಗಿ ನಿಂತಿದ್ದ ಒಡಲು ಇಡೀ ಊರಿನ ನಿರುದ್ಯೋಗದ ಗುರುತಾಗಿತ್ತು. ಹಡಗುಕಟ್ಟೆಯ ಎದುರಿಗೇ ಕಾರ್ಟ್ ಎಂಬ ಉಪನದಿ ಕ್ಲೈಡ್ ನದಿಯನ್ನು ಸೇರುತ್ತದೆ. ಆ ಸಂಗಮದ ಕಡೆಗೆ ಓರೆಯಾಗಿ ಹಡಗನ್ನು ಬಿಟ್ಟರೆ ಮಾತ್ರ ಜಾಗ ಸಾಲುತ್ತಿತ್ತು. ಅದಕ್ಕಾಗಿ ನದಿಯ ಹೂಳೆತ್ತಿಸಿ ಬಾಯಿ ಅಗಲಿಸಿದರು. ಎದುರು ದಡಕ್ಕೆ ಬಡಿಯದಂತೆ ಹಡಗನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸಲು ಎರಡು ಸಾವಿರ ಟನ್ನಿಗೂ ಹೆಚ್ಚು ತೂಕದ ಸರಪಳಿ ಕಂತೆಗಳನ್ನು ಕಟ್ಟಿದರು. ಸೆಪ್ಟೆಂಬರ್ 26ರಂದು ರಾಣಿ ಮೇರಿ ತನ್ನದೇ ಹೆಸರನ್ನು ಹಡಗಿಗೆ ಇಟ್ಟಾಗ ಲೆಕ್ಕ ತಪ್ಪಲಿಲ್ಲ. ಆ ಯಶಸ್ಸಿನ ಹಿಂದೆ ಜೇಮ್ಸ್ ಮೆಕ್‌ನೀಲ್ ನೇತೃತ್ವದ ವಿನ್ಯಾಸಕಾರರ ತಂಡವಿತ್ತು.

ಇನ್ನೂ ಇಕ್ಕಟ್ಟಾದ ಕಡೆ ಹಡಗನ್ನು ಅಡ್ಡಡ್ಡಲಾಗಿ ನೀರಿಗೆ ತಳ್ಳುವುದು ರೂಢಿ. ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಇದೇ ಪದ್ಧತಿ. ವಿಸ್ಕಾನ್ಸಿನ್ನಿನ ಮ್ಯಾನಿಟೊವಾಕ್‌ನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಕಟ್ಟಿದ 28 ಜಲಾಂತರ್ಗಾಮಿಗಳೂ ಹೀಗೆಯೇ ಕಿರುನದಿಗೆ ಉರುಳಿ, ಅಲ್ಲಿಂದ ಮಿಸಿಸಿಪ್ಪಿಯ ದಾರಿ ಹಿಡಿದು ಸಮುದ್ರ ಸೇರಿದವು. ನೋಡುವವರಿಗೆ ಇದು ರೋಚಕ, ಆದರೆ ಪೂರ್ತಿ ನಿರಪಾಯವಲ್ಲ. 1958ರ ಜೂನ್ 7ರಂದು ಮಿಷಿಗನ್ನಿನಲ್ಲಿ ‘ಎಡ್ಮಂಡ್ ಫಿಟ್ಜೆರಾಲ್ಡ್’ ಎಂಬ ಅದಿರು ಹಡಗಿನ ಬಾಟಲಿ ಮೂರನೇ ಏಟಿಗೆ ಒಡೆಯಿತು. ಅಡಿಯ ದಿಮ್ಮಿಗಳು ಬಿಡಿಸಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಹೊತ್ತಾಯಿತು. ಕೊನೆಗೆ ಹಡಗು ಬಿದ್ದಾಗ ಎದ್ದ ನೀರು ಪ್ರೇಕ್ಷಕರ ಮೇಲೆ ಸುರಿಯಿತು, ಅವರಲ್ಲೊಬ್ಬರು ಹೃದಯಾಘಾತದಿಂದ ತೀರಿಕೊಂಡರು. 1975ರ ನವೆಂಬರ್‌ನಲ್ಲಿ ಆ ಹಡಗು ಬಿರುಗಾಳಿಗೆ ಸಿಕ್ಕಿ 29 ಜನರೊಂದಿಗೆ ಮುಳುಗಿದಾಗ ಮೊದಲ ದಿನದ ಅಪಶಕುನಗಳನ್ನು ಜನ ನೆನೆದರು. ಬಿರುಗಾಳಿಗೂ ಬಾಟಲಿಗೂ ಸಂಬಂಧವಿಲ್ಲ. ದಿಮ್ಮಿ ಬಿಡಿಸುವ ಕೆಲಸ ಎಷ್ಟು ಕಷ್ಟದ್ದು ಎಂಬುದೇ ಆ ದಿನ ಕಲಿಯಬಹುದಾಗಿದ್ದ ಪಾಠ.

ಮೆರವಣಿಗೆಯೂ ಗುಟ್ಟೂ

ಯುದ್ಧ ಹತ್ತಿರವಾದಂತೆ ಜಲಾವತರಣ ಬಲಪ್ರದರ್ಶನವಾಯಿತು. 1939ರ ಫೆಬ್ರವರಿ 14ರಂದು ಹ್ಯಾಂಬರ್ಗಿನಲ್ಲಿ ‘ಬಿಸ್ಮಾರ್ಕ್’ ನೌಕೆಗೆ ಚಾನ್ಸೆಲರ್ ಬಿಸ್ಮಾರ್ಕನ ಮೊಮ್ಮಗಳು ಹೆಸರಿಟ್ಟಳು. ಹಿಟ್ಲರ್ ಎದುರಿಗೇ ಇದ್ದ. ಹಳೆಯ ಜರ್ಮನಿಯ ಕೀರ್ತಿಯನ್ನು ಹೊಸ ಆಳ್ವಿಕೆಗೆ ಅಂಟಿಸುವುದೇ ಅಲ್ಲಿನ ಉದ್ದೇಶ. ಎರಡು ವರ್ಷ ಮೂರು ತಿಂಗಳಿಗೆ ಆ ನೌಕೆ ಅಟ್ಲಾಂಟಿಕ್ ಸಾಗರದ ತಳದಲ್ಲಿತ್ತು.

ಜಪಾನ್ ಇದಕ್ಕೆ ಪೂರ್ತಿ ತದ್ವಿರುದ್ಧ ದಾರಿ ಹಿಡಿಯಿತು. ನಾಗಸಾಕಿಯ ಮಿಟ್ಸುಬಿಷಿ ಹಡಗುಕಟ್ಟೆಯಲ್ಲಿ ‘ಮುಸಾಶಿ’ ಕಟ್ಟುತ್ತಿದ್ದಾಗ ಸ್ಲಿಪ್‌ವೇ ಯಾರ ಕಣ್ಣಿಗೂ ಬೀಳದಂತೆ ನೂರಾರು ಟನ್ ನಾರಿನ ಹಗ್ಗದಿಂದ ಹೆಣೆದ ಪರದೆಗಳನ್ನು ತೂಗುಬಿಟ್ಟಿದ್ದರು. 1940ರ ನವೆಂಬರ್ 1ರಂದು ನೌಕೆಯನ್ನು ಇಳಿಸುವಾಗ ವಾಯುದಾಳಿ ತಾಲೀಮಿನ ನೆಪ ಹೂಡಿ ಊರವರನ್ನು ಮನೆಯೊಳಗೇ ಇರಿಸಿದರು. ಬ್ಯಾಂಡಿಲ್ಲ, ಜನಸಂದಣಿಯಿಲ್ಲ. ಆದರೆ ಅಷ್ಟು ಭಾರದ ಉಕ್ಕು ಒಮ್ಮೆಲೇ ಕೊಲ್ಲಿಗಿಳಿದರೆ ನೀರು ಗುಟ್ಟು ಕಾಯುವುದಿಲ್ಲ. ಎದ್ದ ಅಲೆ ದಡದ ಮನೆಗಳಿಗೆ ನುಗ್ಗಿತು. ‘ಮುಸಾಶಿ’ಯ ಜೋಡಿ ನೌಕೆ ‘ಯಮಾಟೊ’ವನ್ನು ಕುರೆ ಊರಿನಲ್ಲಿ ಅಗೆದು ಕಟ್ಟಿದ ಡಾಕಿನಲ್ಲಿ ನಿರ್ಮಿಸಿದ್ದರು. ಅದೇ ವರ್ಷದ ಆಗಸ್ಟ್ 8ರಂದು ಡಾಕಿಗೆ ನೀರು ಬಿಟ್ಟು ಸದ್ದಿಲ್ಲದೆ ಅದನ್ನು ತೇಲಿಸಿದ್ದರು. ಮುಂದೆ ಲೋಕವೆಲ್ಲ ಹಿಡಿಯಲಿದ್ದ ದಾರಿ ಅದು. ಆ ಮಾತಿಗೆ ಆಮೇಲೆ ಬರೋಣ.

ಗಡಿಯಾರದ ಜೊತೆ ಪಂದ್ಯ

ಯುದ್ಧಕಾಲದ ಅಮೆರಿಕದಲ್ಲಿ ಜಲಾವತರಣ ದಿನನಿತ್ಯದ ಸುದ್ದಿಯಾಯಿತು. ಬಾಲ್ಟಿಮೋರ್‌ನಲ್ಲಿ 1941ರ ಸೆಪ್ಟೆಂಬರ್ 27ರಂದು ‘ಪ್ಯಾಟ್ರಿಕ್ ಹೆನ್ರಿ’ ನೀರಿಗಿಳಿಯಿತು. ಒಂದೇ ನಮೂನೆಯ ಸರಕು ಹಡಗುಗಳಾದ ‘ಲಿಬರ್ಟಿ’ ಹಡಗುಗಳಲ್ಲಿ ಅದು ಮೊದಲನೆಯದು. ಯುದ್ಧ ಮುಗಿಯುವ ಹೊತ್ತಿಗೆ ಅಂಥ 2,700ಕ್ಕೂ ಹೆಚ್ಚು ಹಡಗುಗಳು ಸಿದ್ಧವಾಗಿದ್ದವು. ರಿವೆಟ್ ಬದಲು ವೆಲ್ಡಿಂಗ್, ನೆಲದ ಮೇಲೆ ದೊಡ್ಡ ದೊಡ್ಡ ಭಾಗಗಳನ್ನೇ ಸಿದ್ಧಮಾಡಿ ಕ್ರೇನಿನಿಂದ ಸ್ಲಿಪ್‌ವೇಗೆ ಎತ್ತಿಟ್ಟು ಜೋಡಿಸುವ ಕ್ರಮ, ಹಡಗು ಎಂದರೇನೆಂದೇ ಅರಿಯದೆ ಬಂದು ಕೆಲವೇ ವಾರಗಳಲ್ಲಿ ವೆಲ್ಡಿಂಗ್ ಕಲಿತ ಗಂಡಸರು ಹೆಂಗಸರು: ಈ ವೇಗದ ಗುಟ್ಟು ಇಷ್ಟೇ. ಉದ್ಯಮಿ ಹೆನ್ರಿ ಕೈಸರ್ ಅವರ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಹಡಗುಕಟ್ಟೆ ‘ರಾಬರ್ಟ್ ಇ. ಪಿಯರಿ’ ಎಂಬ ಹಡಗನ್ನು ಕೆಲಸ ಹಿಡಿದ ನಾಲ್ಕು ದಿನ ಹದಿನೈದೂವರೆ ಗಂಟೆಗಳಲ್ಲಿ, 1942ರ ನವೆಂಬರ್ 12ರಂದು ನೀರಿಗಿಳಿಸಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ಬಳಿ ಇಳಿದ ‘ಬುಕರ್ ಟಿ. ವಾಷಿಂಗ್ಟನ್’ಗೆ ಹೆಸರಿಟ್ಟವರು ಕಪ್ಪು ಜನಾಂಗದ ಮಹಾಗಾಯಕಿ ಮರಿಯನ್ ಆಂಡರ್ಸನ್. ಆ ಹಡಗಿನ ಕಪ್ತಾನರಾದ ಹ್ಯೂ ಮಲ್ಜಾಕ್ ಕೂಡ ಕಪ್ಪು ಜನಾಂಗದವರು. ವರ್ಣಭೇದ ಬಲವಾಗಿದ್ದ ದೇಶದಲ್ಲಿ ಆ ವೇದಿಕೆಯ ಮೇಲೆ ಯಾರು ನಿಲ್ಲುತ್ತಾರೆ ಎಂಬುದು ಚಿಕ್ಕ ಮಾತಾಗಿರಲಿಲ್ಲ. ಸಮಾರಂಭವೆಂದರೆ ಬರೀ ಆಡಂಬರ ಎಂದು ತಳ್ಳಿಹಾಕುವವರು ಈ ದಿನವನ್ನು ನೆನೆಯಬೇಕು.

ವೇಗದ ಬೆಲೆಯೂ ಬೇಗ ತಿಳಿಯಿತು. 1943ರ ಜನವರಿ 16ರಂದು ಪೋರ್ಟ್‌ಲೆಂಡಿನಲ್ಲಿ, ಶಾಂತವಾದ ನೀರಿನಲ್ಲಿ ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದ ‘ಸ್ಕೆನೆಕ್ಟಡಿ’ ಎಂಬ ಹೊಚ್ಚಹೊಸ ತೈಲಹಡಗು ನಡುವೆ ಬಿರಿದು ಎರಡಾಯಿತು. ಲಿಬರ್ಟಿ ಹಡಗುಗಳಲ್ಲೂ ಬಿರುಕುಗಳು ಕಂಡವು. ತಪ್ಪೆಲ್ಲ ವೆಲ್ಡಿಂಗ್ ಮಾಡಿದವರದ್ದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಕೇಂಬ್ರಿಜ್‌ನ ವಿಜ್ಞಾನಿ ಕಾನ್‌ಸ್ಟೆನ್ಸ್ ಟಿಪ್ಪರ್ ಅಂದಿನ ಉಕ್ಕನ್ನೇ ಪರೀಕ್ಷೆಗೆ ಒಡ್ಡಿದರು. ಒಂದು ಮಟ್ಟಕ್ಕಿಂತ ಚಳಿ ಹೆಚ್ಚಿದರೆ ಅದು ಬಗ್ಗುವ ಗುಣ ಕಳೆದುಕೊಂಡು ಗಾಜಿನ ಹಾಗೆ ಸಿಡಿಯುತ್ತದೆ ಎಂದು ತೋರಿಸಿದರು. ಎಷ್ಟು ದಿನದಲ್ಲಿ ನೀರಿಗಿಳಿಯಿತು ಎಂಬ ಲೆಕ್ಕಕ್ಕೆ ನಿಲುಕದ ಪ್ರಶ್ನೆ ಅದು.

ಇಳಿದ ಮೇಲೆ ಉಳಿದ ಕೆಲಸ

ಸಮಾರಂಭ ಮರೆಮಾಚುವ ದೊಡ್ಡ ಸತ್ಯವೊಂದಿದೆ. ನೀರಿಗಿಳಿಯುವುದು ಹಡಗಲ್ಲ, ಹಡಗಿನ ಒಡಲು. ಯಂತ್ರ, ಕೊಳವೆ, ತಂತಿ, ಆಯುಧ, ಕೋಣೆಗಳ ಬಹುಪಾಲು ಕೆಲಸ ಆಮೇಲಿನದು. ಜರ್ಮನಿಯ ವಿಮಾನವಾಹಕ ‘ಗ್ರಾಫ್ ಝೆಪ್ಪೆಲಿನ್’ 1938ರ ಡಿಸೆಂಬರ್ 8ರಂದು ಇಳಿಯಿತು, ಆದರೆ ಎಂದೂ ಪೂರ್ತಿಯಾಗಲಿಲ್ಲ. ಪರಮಾಣು ಶಕ್ತಿಯ ಮೊದಲ ಜಲಾಂತರ್ಗಾಮಿ ‘ನಾಟಿಲಸ್’ಗೆ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ನಿ ಮೇಮಿ ಹೆಸರಿಟ್ಟದ್ದು 1954ರ ಜನವರಿ 21ರಂದು. ಅದು ಪರಮಾಣು ಬಲದಿಂದ ಹೊರಟದ್ದು ಹೆಚ್ಚುಕಡಿಮೆ ಒಂದು ವರ್ಷದ ಮೇಲೆ. ಸೋವಿಯತ್ ಒಕ್ಕೂಟದ ಹಿಮಭೇದಕ ‘ಲೆನಿನ್’ 1957ರ ಡಿಸೆಂಬರ್‌ನಲ್ಲಿ ನೀರಿಗಿಳಿದು ಕೆಲಸಕ್ಕೆ ಸೇರಿದ್ದು 1959ರಲ್ಲಿ.

ಭಾರತೀಯರಿಗೆ ಹತ್ತಿರದ ಉದಾಹರಣೆ ‘ವಿಕ್ರಾಂತ್’. ‘ಹರ್ಕ್ಯುಲಿಸ್’ ಎಂಬ ಹೆಸರಿನಿಂದ ಇಂಗ್ಲೆಂಡಿನ ಟೈನ್ ನದಿಗೆ ಅದು ಇಳಿದದ್ದು 1945ರ ಸೆಪ್ಟೆಂಬರ್ 22ರಂದು. ಯುದ್ಧ ಮುಗಿದಿತ್ತು. ಮರುವರ್ಷ ಕೆಲಸ ನಿಂತಿತು. 1957ರಲ್ಲಿ ಭಾರತ ಕೊಂಡಿತು, ಬೆಲ್‌ಫಾಸ್ಟಿನಲ್ಲಿ ಪೂರ್ತಿಗೊಳಿಸಿದರು. 1961ರ ಮಾರ್ಚ್ 4ರಂದು ನೌಕಾಪಡೆಗೆ ಸೇರಿತು. ಇಳಿದದ್ದಕ್ಕೂ ಸೇವೆಗೆ ಸೇರಿದ್ದಕ್ಕೂ ನಡುವೆ ಹದಿನೈದೂವರೆ ವರ್ಷ. ‘ನೈಜೀರಿಯಾ’ ಎಂಬ ಹೆಸರಿನಲ್ಲಿ 1939ರ ಜುಲೈ 18ರಂದು ಅದೇ ಟೈನ್ ದಂಡೆಯಲ್ಲಿ ನೀರು ಕಂಡು, ಮಹಾಯುದ್ಧ ದಾಟಿ, 1957ರ ಆಗಸ್ಟ್‌ನಲ್ಲಿ ನಮ್ಮ ನೌಕಾಪಡೆ ಸೇರಿದ ಕ್ರೂಸರ್‌ಗೆ ‘ಮೈಸೂರು’ ಎಂದು ಹೆಸರಾಯಿತು. ಹಡಗಿಗೆ ಹೆಸರಿಡುವವರು ಒಬ್ಬರಾದರೆ ಅದಕ್ಕೆ ಬಾಳು ಕೊಡುವವರು ಇನ್ನೊಬ್ಬರು.

ಹೊಸ ದೇಶಗಳ ಮೊದಲ ಹಡಗುಗಳು

1948 ಈ ದೃಷ್ಟಿಯಿಂದ ಮುಖ್ಯ ವರ್ಷ. ಮಾರ್ಚ್ 14ರಂದು ವಿಶಾಖಪಟ್ಟಣದಲ್ಲಿ ಪ್ರಧಾನಿ ನೆಹರೂ ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದರು. ಸ್ವತಂತ್ರ ಭಾರತದಲ್ಲಿ ನೀರಿಗಿಳಿದ ಮೊದಲ ದೊಡ್ಡ ಸಮುದ್ರಯಾನದ ಹಡಗು ಅದು, ಸುಮಾರು 8,000 ಟನ್ ಹೊರುವಂಥದು. ವಾಲ್‌ಚಂದ್ ಹೀರಾಚಂದರ ಸಿಂಧಿಯಾ ಕಂಪನಿ ಆ ಹಡಗುಕಟ್ಟೆಗೆ 1941ರ ಜೂನ್‌ನಲ್ಲಿ ರಾಜೇಂದ್ರ ಪ್ರಸಾದರಿಂದ ಅಡಿಗಲ್ಲು ಹಾಕಿಸಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು, ಕೆಲಸ ಅಸ್ತವ್ಯಸ್ತವಾಯಿತು. 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಕಟ್ಟಿದವರೂ ಇದೇ ವಾಲ್‌ಚಂದ್. ಬೆಂಗಳೂರಿನ ವಿಮಾನಕ್ಕೂ ವಿಶಾಖಪಟ್ಟಣದ ಹಡಗಿಗೂ ಹೀಗೆ ಒಂದೇ ಬೇರು.

ಆ ದಿನದ ಹೆಮ್ಮೆ ನ್ಯಾಯವಾದದ್ದೇ. ಆದರೆ ಮುಂದಿನ ಹಾದಿ ಕಷ್ಟದ್ದಾಗಿತ್ತು. ಉಕ್ಕಿನ ಅಭಾವ, ಹೊರದೇಶದಿಂದ ಬರಬೇಕಾದ ಯಂತ್ರಗಳು, ವಿದೇಶಿ ಬೆಲೆಯೊಂದಿಗೆ ಪೈಪೋಟಿ ಇವೆಲ್ಲವನ್ನೂ ಖಾಸಗಿ ಕಂಪನಿಯೊಂದೇ ತಾಳಲಾಗಲಿಲ್ಲ. 1952ರಲ್ಲಿ ಸರ್ಕಾರ ಕೈಜೋಡಿಸಿ ಹಿಂದೂಸ್ತಾನ್ ಶಿಪ್‌ಯಾರ್ಡ್ ಮಾಡಿತು. ದೊಡ್ಡ ಯುದ್ಧನೌಕೆ ಕಟ್ಟುವ ಮಟ್ಟಕ್ಕೆ ನಾವು ಬಂದದ್ದು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಇಂದಿರಾ ಗಾಂಧಿ 1968ರ ಅಕ್ಟೋಬರ್ 23ರಂದು ‘ನೀಲಗಿರಿ’ಯನ್ನು ನೀರಿಗಿಳಿಸಿದಾಗ. ಅದು ಸೇವೆಗೆ ಸೇರಿದ್ದು 1972ರಲ್ಲಿ.

‘ಜಲ ಉಷಾ’ ಇಳಿದ ವರ್ಷದ ನವೆಂಬರ್ 6ರಂದು, ಯುದ್ಧದಲ್ಲಿ ಹಾಳುಬಿದ್ದಿದ್ದ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಆ ದೇಶದ ಯುದ್ಧಾನಂತರದ ಮೊದಲ ಸಾಗರ ಹಡಗು ಇಳಿಯಿತು. ಅದಕ್ಕೆ ಇಟ್ಟದ್ದು ರಾಜನ ಹೆಸರಲ್ಲ, ಸೇನಾನಿಯ ಹೆಸರೂ ಅಲ್ಲ. ಅದೇ ಹಡಗುಕಟ್ಟೆಯಲ್ಲಿ ಉಕ್ಕಿನ ಹಾಳೆಗಳ ಮೇಲೆ ಗೆರೆ ಗುರುತು ಹಾಕುತ್ತಿದ್ದ ಕೆಲಸಗಾರ ಸ್ತಾನಿಸ್ವಾವ್ ಸೋವ್ದೆಕ್ ಅವರ ಹೆಸರು. ಬಾಟಲಿ ಒಡೆದವರು ಅವರ ಹೆಂಡತಿ ಹೆಲೆನಾ. ಕಮ್ಯುನಿಸ್ಟ್ ಆಡಳಿತದ ಪ್ರಚಾರ ಅದರಲ್ಲಿ ಇದ್ದೇ ಇತ್ತು. ಆದರೂ ಈ ಸಮೀಕ್ಷೆಯ ಎಲ್ಲ ಸಮಾರಂಭಗಳಲ್ಲಿ ಗೌರವ ಸಲ್ಲಬೇಕಾದ ಕಡೆಗೇ ಸಂದದ್ದು ಅಲ್ಲಿ ಎಂದು ನನ್ನ ನಂಬಿಕೆ.

ಸ್ಲಿಪ್‌ವೇಯಿಂದ ಡಾಕಿಗೆ

ಅಂದು ದೇಶಗಳ ಹಡಗು ಉದ್ಯಮದ ಬಲವನ್ನು ವರ್ಷಕ್ಕೆ ಎಷ್ಟು ಟನ್ ನೀರಿಗಿಳಿಸಿದರು ಎಂಬುದರಿಂದ ಅಳೆಯುತ್ತಿದ್ದರು. ಆ ಅಳತೆಯಲ್ಲಿ 1956ರಲ್ಲಿ ಜಪಾನ್ ಬ್ರಿಟನ್ನನ್ನು ಹಿಂದೆ ಹಾಕಿತು. ಇದರ ಮೂಲ ಹುಡುಕಿದರೆ ಮತ್ತೆ ಕುರೆಗೇ ಹೋಗಬೇಕು. 1951ರಲ್ಲಿ ಅಮೆರಿಕದ ಹಡಗುದೊರೆ ಡೇನಿಯಲ್ ಲಡ್ವಿಗ್ ಅವರ ಕಂಪನಿ ಆ ಹಳೆಯ ನೌಕಾನೆಲೆಯ ಹಡಗುಕಟ್ಟೆಯನ್ನು ಗುತ್ತಿಗೆಗೆ ಪಡೆಯಿತು. ಕೈಸರ್ ಹಡಗುಕಟ್ಟೆಗಳಲ್ಲಿ ಪಳಗಿದ್ದ ಎಲ್ಮರ್ ಹ್ಯಾನ್ ಅಲ್ಲಿಗೆ ಹೋಗಿ, ದೊಡ್ಡ ಭಾಗಗಳನ್ನು ವೆಲ್ಡ್ ಮಾಡಿ ಜೋಡಿಸುವ ವಿದ್ಯೆಯನ್ನು ಜಪಾನೀ ಎಂಜಿನಿಯರುಗಳೊಂದಿಗೆ ಹಂಚಿಕೊಂಡರು. ಯುದ್ಧನೌಕೆಗಳಿಗಾಗಿ ಬೆಳೆದ ಕುಶಲತೆ, ಲಿಬರ್ಟಿ ಹಡಗುಗಳಿಗಾಗಿ ಹುಟ್ಟಿದ ಕ್ರಮ, ಎರಡೂ ಅಲ್ಲಿ ಕೂಡಿದವು. 1959ರ ಹೊತ್ತಿಗೆ ಒಂದು ಲಕ್ಷ ಟನ್ನಿಗೂ ಮಿಕ್ಕಿ ಹೊರುವ ಮೊದಲ ತೈಲಹಡಗು ‘ಯೂನಿವರ್ಸ್ ಅಪೊಲೊ’ ಕುರೆಯಿಂದ ಹೊರಬಂತು.

ಅಷ್ಟು ದೊಡ್ಡ ಒಡಲುಗಳನ್ನು ಇಳಿಜಾರಿನಲ್ಲಿ ಜಾರಿಸುವುದು ಅಪಾಯ, ದುಬಾರಿ ಕೂಡ. ಸಮತಟ್ಟಾದ ಡಾಕಿನಲ್ಲಿ ಕಟ್ಟಿ ನೀರು ಬಿಟ್ಟರೆ ಹಡಗು ತಾನಾಗಿ ತೇಲುತ್ತದೆ. 1951ರಲ್ಲಿಯೇ ಅಮೆರಿಕದ ‘ಯುನೈಟೆಡ್ ಸ್ಟೇಟ್ಸ್’ ಪ್ರಯಾಣಿಕ ಹಡಗು ಹೀಗೆ ತೇಲಿತ್ತು. ಸ್ವೀಡನ್ನಿನ ಅರೆಂಡಾಲ್ ಹಡಗುಕಟ್ಟೆ 1963ರಿಂದ ಸೂರಿನಡಿಯಲ್ಲೇ ಹಡಗು ಜೋಡಿಸಿ ಡಾಕಿಗೆ ತಳ್ಳತೊಡಗಿತು. ಬೆಣೆ, ಕೊಬ್ಬು, ಸರಪಳಿ ಯಾವುದೂ ಬೇಡವಾಯಿತು. ಹಡಗಿನ ಅಡಿಗೆ ನುಗ್ಗಬೇಕಾದ ಅಪಾಯವೂ ತಪ್ಪಿತು. ಇದು ಒಳ್ಳೆಯದೇ. ಜೊತೆಗೆ ಕೆಲಸಗಾರರ ಮನೆಮಂದಿ, ಶಾಲೆಯ ಮಕ್ಕಳು, ಇಡೀ ಊರು ನದಿದಂಡೆಯಲ್ಲಿ ನೆರೆದು ತಮ್ಮವರ ದುಡಿಮೆಯನ್ನು ಒಂದೇ ನೋಟದಲ್ಲಿ ಕಾಣುತ್ತಿದ್ದ ಸಂದರ್ಭವೂ ಹೋಯಿತು.

1967ರ ಸೆಪ್ಟೆಂಬರ್ 20ರಂದು ಎರಡನೇ ಎಲಿಜಬೆತ್ ರಾಣಿ, ಅಜ್ಜಿ ಮತ್ತು ತಾಯಿ ಹಿಂದಿನ ಎರಡು ಹಡಗುಗಳಿಗೆ ಹೆಸರಿಟ್ಟಿದ್ದ ಕ್ಲೈಡ್‌ಬ್ಯಾಂಕಿನಲ್ಲಿಯೇ ಮೂರನೆಯ ‘ಕ್ವೀನ್’ ಹಡಗನ್ನು ಇಳಿಸಿದರು. ಮರುವರ್ಷ ಜಾನ್ ಬ್ರೌನ್ ಹಡಗುಕಟ್ಟೆ ಬೇರೆ ಕಂಪನಿಗಳೊಂದಿಗೆ ವಿಲೀನವಾಯಿತು. 1971ರಲ್ಲಿ ಆ ಒಕ್ಕೂಟವೂ ದಿವಾಳಿ ಎದ್ದಿತು. ಆಗ ಜಿಮ್ಮಿ ರೀಡ್ ಮೊದಲಾದವರ ನಾಯಕತ್ವದಲ್ಲಿ ಕೆಲಸಗಾರರು ಮುಷ್ಕರ ಹೂಡದೆ, ಕಟ್ಟೆಯನ್ನು ಬಿಟ್ಟುಕೊಡದೆ, ಕೆಲಸ ಮಾಡುತ್ತಲೇ ಹೋರಾಡಿದರು. ಬೆಣೆ ಬಡಿದವರ ಧ್ವನಿಗೆ ಲೋಕ ಅಂದು ಕಿವಿಗೊಟ್ಟಿತು.

ಸಮೀಕ್ಷೆಯ ಸಾರ

ಇಷ್ಟನ್ನೂ ಒಟ್ಟಿಗೆ ನೋಡಿದರೆ ಎರಡು ಮಾತು ನಿಚ್ಚಳವಾಗುತ್ತವೆ. ಜಲಾವತರಣ ಸಾಧನೆಯ ಮುಕ್ತಾಯವಲ್ಲ, ಒಂದು ವಾಗ್ದಾನ. ಅದನ್ನು ಉಳಿಸಿಕೊಂಡ ದೇಶಗಳು ಮುಂದೆ ಹೋದವು, ಚಪ್ಪಾಳೆಗೇ ತೃಪ್ತಿಪಟ್ಟವು ಹಿಂದೆ ಬಿದ್ದವು. ಎರಡನೆಯದಾಗಿ, ಗಣ್ಯರ ಕೈಯಿಂದ ನಡೆದಂತೆ ಕಂಡ ಕೆಲಸ ನಿಜದಲ್ಲಿ ಲೆಕ್ಕ ಬಲ್ಲವರದ್ದು ಮತ್ತು ಸುತ್ತಿಗೆ ಹಿಡಿದವರದ್ದು.

ಈ ಎರಡೂ ಮಾತು ಇಂದಿನ ನಮಗೆ ಬೇಕಾದವು. ಕೊಚ್ಚಿ, ಮುಂಬಯಿ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಜಲಾವತರಣದ ಸುದ್ದಿಗಳು ಬರುತ್ತಿರುತ್ತವೆ. ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಕೂಡ ಟಗ್‌ಗಳನ್ನು, ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನು ಕಟ್ಟುತ್ತಿದೆ. ಅಂಥ ಸುದ್ದಿ ಓದುವಾಗ ನಾವು ಕೇಳಬೇಕಾದ ಪ್ರಶ್ನೆಗಳಿವೆ: ಹಡಗು ಸೇವೆಗೆ ಸೇರುವುದು ಯಾವಾಗ? ಅದರ ಯಂತ್ರ, ಉಕ್ಕು ಎಲ್ಲಿಯವು? ಅದನ್ನು ಕಟ್ಟಿದ ವೆಲ್ಡರುಗಳು, ಫಿಟ್ಟರುಗಳು, ವಿನ್ಯಾಸಕಾರರು ಯಾರು? ಹಡಗುಕಟ್ಟೆಗಳು ವರ್ಷಕ್ಕೊಂದು ದಿನವಾದರೂ ತಮ್ಮ ಬಾಗಿಲನ್ನು ಸುತ್ತಲಿನ ಶಾಲೆ ಕಾಲೇಜುಗಳಿಗೆ ತೆರೆಯಲಿ. ಸಮಾರಂಭದ ವೇದಿಕೆಯ ಮೇಲೆ ಮಂತ್ರಿಗಳ ಪಕ್ಕದಲ್ಲಿ ಕಟ್ಟಿದವರಿಗೂ ಆಸನವಿರಲಿ, ಹಡಗಿನ ಹೆಸರಿನ ಜೊತೆಗೆ ಅವರ ಹೆಸರೂ ದಾಖಲಾಗಲಿ.